ಪುಕ್ಕಟೆ ಸಾಫ್ಟ್‌ವೇರಿನ ಷರತ್ತು

ಹಲ್ಲಿನ ಡಾಕ್ಟರಿಗಾಗಿ ಕೆನ್ನೆ ಹಿಡಿದು ಕಾಯುತ್ತಿದ್ದ ದರ್ಜಿಯ ಕಿವಿ ಪಕ್ಕದ ಅಕ್ಕ-ತಮ್ಮನ ಮಾತಿಗೆ ನಿಮಿರಿತು.

“ಸೂಜಿ ಅಂದ್ರೆ ಭಯ, ನೀನೂ ಒಳಗೆ ಬಾ ಅಕ್ಕ.”

“ಬರ್ತೀನಿ ಬಿಡೋ. ನಿನ್ನ ಮ್ಯಾಪ್ ಆಪ್ ಏನಾಯ್ತು?”

“ಫೋನ್ ತಯಾರಿಸೋರು ಚೆನ್ನಾಗಿದೆ ಅಂದ್ರು. ಆದ್ರೆ ಅದನ್ನ ಫೋನಿಗೆ ಹಾಕಿ ಮಾರಿದ್ರೆ ನೀನು ಕೆಲಸ ಮಾಡೋ ಕಂಪನಿ ಅವರ ಫೋನಿಂದ ಆಪ್ ಸ್ಟೋರನ್ನೇ ಕಿತ್ಕೊಳ್ಳತ್ತಂತೆ. ಸ್ಟೋರ್ ಇಲ್ಲದ ಫೋನ್ ಯಾರು ತಗೋತಾರೆ?”

“ಹ್ಞೂಂ.”

“ನಮ್ಮ ಕಂಪನಿಯ ಫೋನ್ ಸಾಫ್ಟ್‌ವೇರ್ ಪುಕ್ಕಟೆ, ಯಾರು ಏನು ಬೇಕಾದ್ರೂ ಮಾಡ್ಕೊಳ್ಳಿ ಅಂತ ಡಂಗುರ ಸಾರಿದವಳು ನೀನು. ನಂಬಿ ನಾನು ಕೆಲಸ ಬಿಟ್ಟು ಈ ಆಪ್ ಮಾಡಿದೆ. ಆ ಷರತ್ತು ಯಾವ ಪುಣ್ಯಾತ್ಮ ಬರೆದನೋ!”

“ನಾನೇ ಕಣೋ ಬರೆದದ್ದು. ನಿನಗೆ ಹೇಳೋಕೆ ಬಾಯೇ ಬರ್ಲಿಲ್ಲ.”

ನರ್ಸ್ ಕರೆದಳು. ತಮ್ಮ ಎದ್ದ. ಅಕ್ಕನೂ ಎದ್ದಳು.

“ನೀನಿಲ್ಲೇ ಕೂತ್ಕೋ,” ಎಂದು ಅವನೊಬ್ಬನೇ ಒಳಗೆ ಹೋದ.