ಗ್ರಹಣದಾಗ ಅವ್ವ ತಂದ ನೀರು

ಆ ಓಟ ನಾ ಗೆದ್ದೆ ಅಂತ ಯಾರ್ ಹೇಳಿದ್ರು ನಿಂಗ, ಸೋನೂ? ನಾ ಗೆದ್ದಿಲ್ಲ, ಎರಡನೇದಾಂವ ಆಗಿ ಬಂದೆ. ನಿಮ್ಮಜ್ಜಿ ಸುದ್ದಿ ಬೆಳಸ್ತಾಳ, ಆಕಿ ಮಾತು ಬಿಡು. ಎಂಬತ್ತರ ಫೆಬ್ರವರಿ ಅದು. ನಾನೂ ನಮ್ಮವ್ವನೂ ಔರಂಗಾಬಾದದಾಗ ಇದ್ವಿ, ಈಗ ಸಂಭಾಜಿನಗರ ಅಂತೀರಲ್ಲ, ಅಲ್ಲೇ. ಬೀದರ ಬಿಟ್ಟು ಎರಡು ವರ್ಷ, ಅಲ್ಲಲ್ಲ, ಮೂರು ವರ್ಷ ಆಗಿತ್ತು. ನಾ ಒಂದು ಆಫೀಸಿನ್ಯಾಗ ರೋಜಂದಾರಿ ಸಿಪಾಯಿ, ಇವತ್ತು ಬಾ ಅಂದ್ರ ಬರೂದು, ನಾಳೆ ಬ್ಯಾಡ ಅಂದ್ರ ಮನಿ. ಅವ್ವ ನಾಕು ಮನ್ಯಾಗ ಭಾಂಡಿ ತಿಕ್ತಿದ್ಳು, ಆಕಿ ಕೈ ನೋಡಿದ್ರ ನಂಗ ಸಂಕಟ ಆಗ್ತಿತ್ತು. ಅಂಥಾದ್ರಾಗ ಸಾಹೇಬ್ರು ಹೇಳಿದ್ರು, ಆಟದವ್ರ ಕೋಟಾದಾಗ ಇಬ್ರನ್ನ ಪರ್ಮನಂಟ್ ಮಾಡ್ತೀವಿ, ಮೈದಾನದಾಗ ಹತ್ತು ಸುತ್ತು ಓಡ್ರಿ, ಮೊದ್ಲ ಬಂದ ಇಬ್ರಿಗೆ ನೌಕ್ರಿ. ಪರ್ಮನಂಟ್ ಆದ್ರ ಅವ್ವನ ಭಾಂಡಿ ಬಿಡಸ್ಬಹುದು, ಅಷ್ಟೇ ನನ್ನ ತಲ್ಯಾಗ.

ಓಟ ಇಟ್ಟಿದ್ದು ನೋಡು ಸೂರ್ಯಗ್ರಹಣದ ದಿನ, ಮಧ್ಯಾಹ್ನ ಮೂರೂವರಿಗೆ. 'ಸಾಹೇಬ್ರ, ಗ್ರಹಣ ಅದರಿ' ಅಂದ್ವಿ. 'ಗ್ರಹಣ-ಬಿಹಣ ಕಾಹಿ ನಾಹಿ, ಧಾವಾ' ಅಂದ್ಬಿಟ್ರು ಮರಾಠಿನ್ಯಾಗ, ಗ್ರಹಣ ಗಿಹಣ ಏನಿಲ್ಲ, ಓಡ್ರಿ ಅಂತ. ಅವ್ವನ ನೇಮ ಬ್ಯಾರೆ. ಮುಂಜಾನಿಂದ್ಲೇ ಇಬ್ರಿಗೂ ಉಪಾಸ, ಗ್ರಹಣ ಬಿಡೂತನ ಹನಿ ನೀರಿಲ್ಲ, ಹೊಸ್ತಿಲಾ ದಾಟೂದಿಲ್ಲ. ನೌಕ್ರಿ ಸಲುವಾಗಿ ನನ್ನ ಹೊರಗ ಬಿಟ್ಳು ಖರೆ, ಆದ್ರ ಕೈ ಹಿಡದು, 'ಬಾಯಾಗ ಏನೂ ಹಾಕ್ಕೋಬ್ಯಾಡ, ನನ್ನ ಆಣಿ ಅದ' ಅಂದ್ಳು. ನಾನೂ ಹೂಂ ಅಂದೆ, ಹುಚ್ಚ.

ಆರು ಸುತ್ತು ಚಲೋನೇ ಓಡ್ದೆ. ಮಂದಿ ಎಕ್ಸ್‌ರೇ ಹಾಳಿ ಕಣ್ಣಿಗೆ ಹಿಡಕೊಂಡು ಸೂರ್ಯನ್ನ ನೋಡ್ಲಾಕತ್ತಿದ್ರು, ಹಂಗ ನೋಡಬಾರದು ಮತ್ತ, ನಮ್ಮನ್ನಂತೂ ಯಾರೂ ನೋಡ್ಲಿಲ್ಲ. ಬಿಸಿಲು ಮಬ್ಬಾತು, ಗುಬ್ಬಿ ಗಿಡಕ್ಕ ಬಂದು ಕುಂತ್ವು. ನಂಗ ಕಣ್ಣಿಗೆ ಕತ್ತಲಿ ಬಂತು. ಗ್ರಹಣ ಜೋರಾತು ಅಂದ್ಕೊಂಡೆ, ಆದ್ರ ಕಾಲೂ ನಡಗ್ಲಾಕತ್ವು, ಆಗ ಗೊತ್ತಾತು, ಇದು ಹಸಿವು ಅಂತ. ಗೆಳ್ಯಾರು ನೀರು ಕೊಡ್ಲಾಕ ಬಂದ್ರು, ಒಲ್ಲೆ ಅಂದೆ. ಅವ್ವನ ಆಣಿ ಅಲ್ಲ? ಎರಡನೇದಾಂವ ಇದ್ದಾಂವ ನಾಕನೇದಾಂವ ಆದೆ. ಹೋತು ನೌಕ್ರಿ ಅಂತ ಅಳೂ ಬಂತು.

ಎಂಟನೇ ಸುತ್ತಿಗೆ ಬರ್ತೀನಿ, ಬೇವಿನ ಗಿಡದ ಕೆಳಗ ಅವ್ವ ನಿಂತಾಳ. ಗ್ರಹಣದಾಗ, ಬಯಲಾಗ, ನಮ್ಮವ್ವ! ಸೂರ್ಯ ಕಣ್ಣಿಗೆ ಬೀಳಬಾರದು ಅಂತ ಸೆರಗು ಮುಂದಕ್ಕೆಳದು ನೆಲಾ ನೋಡ್ಕೋತ ನಿಂತಿದ್ಳು. ನೆಲದ ಮ್ಯಾಲ ಎಲಿ ಸಂದಿನ್ಯಾಗಿಂದ ಬಿದ್ದ ಬಿಸಿಲೆಲ್ಲಾ ಸಣ್ಣ ಸಣ್ಣ ಕುಡಗೋಲು ಆಗಿತ್ತು, ಹರದ ಸೂರ್ಯ ಆಕಿ ಪಾದದ ಮ್ಯಾಲೇ ಬಿದ್ದಿದ್ದ. ಕೈಯಾಗ ತಂಬಗಿ, ಬೆಲ್ಲದ ನೀರು, ಮ್ಯಾಲ ಒಂದು ತುಳಸಿ ಎಲಿ.

'ಯವ್ವಾ, ಆಣಿ...'

'ಆಣಿ ಹಾಕ್ದಾಕಿ ನಾನು, ತಗದಾಕಿನೂ ನಾನೇ. ಮನ್ಯಾಗ ಕುಂತಲ್ಲೇ ನಂಗ ತಲಿ ತಿರುಗ್ಲಾಕತ್ತದ, ನೀ ಹ್ಯಾಂಗ ಓಡ್ತಿ ಮಗಾ? ಕುಡಿ.'

ಅರ್ಧಾ ತಂಬಗಿ ಗಟಗಟ ಕುಡದೆ. ಕಡೀ ಸುತ್ತಿನ್ಯಾಗ ಇಬ್ರನ್ನ ಹಿಂದ ಹಾಕ್ದೆ. ನೌಕ್ರಿ ಸಿಕ್ತು, ಮುಂದಿನ ತಿಂಗಳೇ ಆಕಿ ಭಾಂಡಿ ಬಿಡಿಸ್ದೆ. ನಾಸಿಕಕ್ಕ ಬಂದದ್ದು, ಈ ಮನಿ, ನೀವು ಉಣ್ಣೂ ಅನ್ನ, ಎಲ್ಲಾ ಆ ನೀರಿಂದು.

ಓಡಿ ಮುಗಿಸಿ ಬಂದು ಉಳದ ನೀರು ಆಕಿ ಮುಂದ ಹಿಡದೆ. ಗ್ರಹಣ ಇನ್ನಾ ಬಿಟ್ಟಿರ್ಲಿಲ್ಲ, ಆಕಿ ತುಟಿ ಒಣಗಿ ಬಿಳೇದಾಗಿತ್ತು. 'ನೀನೂ ಕುಡಿಯವ್ವಾ' ಅಂದೆ. ತಂಬಗಿ ಸರಿಸಿ, 'ನಾ ಏನ್ ಓಡ್ಲಾಕತ್ತೀನೇನು?' ಅಂದ್ಳು.

ಅದಕ್ಕ ಹೇಳ್ತೀನಿ, ನೇಮ ಹಿಡಿಯೂದಿದ್ರ ನೀವು ಹಿಡೀರಿ, ಓಡಾಂವ್ಗ ಮೊದ್ಲ ನೀರು ಕೊಡ್ರಿ.