ಮುನ್ನೂರ ಹನ್ನೆರಡು ಮುಖ, ಒಂದೇ ಕೋಟು

ವೇದಿಕೆಯ ದೊಡ್ಡ ಕುರ್ಚಿಯನ್ನು ತುಂಬಿ ಕುಳಿತಿರುವ ನಮ್ಮ ವರ್ತಕರ ಸಂಘದ ಮಾನ್ಯ ಅಧ್ಯಕ್ಷರೇ, ನೂರು ಕೆಲಸ ಬಿಟ್ಟು ಬೆಳಿಗ್ಗೆಯೇ ಬಂದಿರುವ ಮುಖ್ಯ ಅತಿಥಿಗಳೇ, ನನ್ನ ಹೆಸರು ಸೂಚಿಸಿ ಇನ್ನರ್ಧ ಗಂಟೆಯಲ್ಲಿ ಪಶ್ಚಾತ್ತಾಪ ಪಡಲಿರುವ ಕಾರ್ಯದರ್ಶಿಗಳೇ, ಅಂಗಡಿಗೆ ಬೀಗ ಹಾಕಿ ಬಂದಿರುವ ಸದಸ್ಯ ಬಂಧುಗಳೇ, ಹಾಗೂ ಊಟದ ಹೊತ್ತಿನ ತನಕ ಕೂತೇ ಇರುತ್ತೇವೆಂದು ಮನಸ್ಸು ಗಟ್ಟಿ ಮಾಡಿರುವ ಎಲ್ಲ ಸಭಿಕರೇ,

ಈ ವರ್ಷದ ಅತ್ಯುತ್ತಮ ಡಿಜಿಟಲ್ ಪ್ರಚಾರಕ ಎಂಬ ಫಲಕವನ್ನು ನನ್ನ ಕೈಗಿತ್ತಿದ್ದೀರಿ. ನಾನು ಯಾರು? ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಹತ್ತಡಿ ಅಗಲದ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವವನು. ‘ಗಲ್ಲ ಸ್ವಲ್ಪ ಕೆಳಗೆ, ಕಣ್ಣು ಇಲ್ಲಿ, ಉಸಿರು ಬಿಡಿ’ ಎಂಬ ಮೂರು ಮಾತಿನಲ್ಲಿ ಇಪ್ಪತ್ತು ವರ್ಷ ಕಳೆದವನು. ಅಂಥವನಿಗೆ ಮೈಕು ಕೊಟ್ಟಿದ್ದೀರಿ. ತಪ್ಪು ನಿಮ್ಮದು.

ಹಿಂದೆ ಬಾಗಿಲ ಬಳಿ ಒಬ್ಬರು ನಿಂತಿದ್ದಾರೆ. ಮುಂದಿನ ಸಾಲಿನಲ್ಲಿ ಕುರ್ಚಿ ಖಾಲಿ ಇದೆ, ಬನ್ನಿ ಸ್ವಾಮಿ. ಬರುವುದಿಲ್ಲವೇ? ಆಗಲಿ, ನಿಮ್ಮಿಷ್ಟ.

ಸಾಮಾಜಿಕ ಜಾಲತಾಣದಲ್ಲಿ ವ್ಯಾಪಾರ ಬೆಳೆಸುವುದು ಹೇಗೆ ಎಂಬ ಬಗ್ಗೆ ಎರಡು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದ್ದಾರೆ. ನನಗೆ ಗೊತ್ತಿರುವುದು ಎರಡೇ ಮಾತು, ಹಾಗಾಗಿ ತೊಂದರೆಯಿಲ್ಲ. ಜನ ಸರಕನ್ನು ಆಮೇಲೆ ನೋಡುತ್ತಾರೆ, ಮೊದಲು ಮುಖ ನೋಡುತ್ತಾರೆ. ನಮ್ಮ ನಲ್ಲಿ ರಿಪೇರಿಯವರು ತಮ್ಮ ಪುಟಕ್ಕೆ ಎರಡು ವರ್ಷ ಹಿತ್ತಾಳೆ ನಲ್ಲಿಯ ಚಿತ್ರ ಹಾಕಿಕೊಂಡಿದ್ದರು. ‘ಅಣ್ಣಾವ್ರೇ, ನಲ್ಲಿ ಫೋಟೋ ನೋಡಿ ಯಾರಾದ್ರೂ ಮನೆ ಬಾಗಿಲು ತೆಗೀತಾರಾ? ಒಳಗೆ ಬರೋರು ನೀವು ತಾನೇ?’ ಎಂದು ಕೇಳಿದೆ. ನಮ್ಮ ಹಲ್ಲಿನ ಡಾಕ್ಟರು ಬಾಯಿ ಬಿಗಿದು ಕೂತು, ‘ನನ್ನ ಹಲ್ಲು ಕಾಣಬಾರದು, ಅಷ್ಟೇನೂ ಚೆನ್ನಾಗಿಲ್ಲ’ ಎಂದರು. ನಗಬೇಡಿ, ಅವರು ಇಲ್ಲೇ ಮೂರನೇ ಸಾಲಿನಲ್ಲಿದ್ದಾರೆ. ಇನ್ನೊಂದು ಮಾತೆಂದರೆ, ಮುಖ ಎಲ್ಲ ಕಡೆಯೂ ಒಂದೇ ಆಗಿರಬೇಕು. ಪುಟದಲ್ಲಿ, ವಾಟ್ಸಾಪಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ ಅದೇ ಮುಖ, ಅದೇ ನಗು, ಅದೇ ಉಡುಪು. ಹತ್ತು ಸಲ ಕಂಡ ಮುಖವನ್ನು ಜನ ತಮಗೆ ಗೊತ್ತಿರುವ ಮುಖ ಎಂದುಕೊಳ್ಳುತ್ತಾರೆ.

ಉಡುಪು ಎಂದರೆ ಯಾವುದು? ನಿಮಗೆಲ್ಲ ಗೊತ್ತು. ನಮ್ಮ ಸ್ಟುಡಿಯೋದ ಕನ್ನಡಿ ಪಕ್ಕದ ಮೊಳೆಗೆ ನೇತುಹಾಕಿರುವ ಕಪ್ಪು ಕೋಟು. ಅಪ್ಪ ಸ್ಟುಡಿಯೋ ತೆರೆದ ವರ್ಷ ಹೊಲಿಸಿದ್ದು. ಆ ಕೋಟು ನಿಮಗೆಲ್ಲರಿಗೂ ದೊಗಳೆಯೇ. ಅದಕ್ಕೇ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಬಿಗಿಯುತ್ತೇನೆ. ಮುಂದಿನಿಂದ ನೋಡಿದರೆ ದೊಡ್ಡ ಅಧಿಕಾರಿ, ಹಿಂದಿನಿಂದ ನೋಡಿದರೆ ಒಣಗುತ್ತಿರುವ ಬಟ್ಟೆ. ಈ ಸಂಘದ ಮುನ್ನೂರ ಹನ್ನೆರಡು ಸದಸ್ಯರ ಬೆನ್ನು ನೋಡಿದವನು ನಾನೊಬ್ಬನೇ. ಯಾರಿಗೂ ಹೇಳುವುದಿಲ್ಲ, ಹೆದರಬೇಡಿ.

ಆ ಕೋಟು ಕ್ಲಿಪ್ಪಿಲ್ಲದೆ ಸರಿಯಾಗಿ ಕೂರುತ್ತಿದ್ದದ್ದು ಅಪ್ಪನಿಗೆ, ಅಪ್ಪನ ನಂತರ ನಮ್ಮಣ್ಣನಿಗೆ. ಹಳಬರಿಗೆ ನೆನಪಿರಬಹುದು, ಸ್ಟುಡಿಯೋದ ಗಾಜಿನ ಕಿಟಕಿಯಲ್ಲಿ ಮಾದರಿಗೆಂದು ಇಟ್ಟಿದ್ದದ್ದು ಅವನ ಫೋಟೋ. ತಲೆ ತುಸು ಬಲಕ್ಕೆ ವಾಲಿದೆ, ಎಡ ಹುಬ್ಬು ಒಂದೆಳೆ ಮೇಲೆ. ಚಿಕ್ಕಂದಿನಲ್ಲಿ ಕಿವಿಯಲ್ಲಿ ಕುರು ಎದ್ದು ಅವನ ಎಡಕಿವಿ ಮಂದವಾಗಿತ್ತು. ಯಾರು ಮಾತಾಡಿದರೂ ತಲೆ ವಾಲಿಸಿ ಕೇಳುತ್ತಿದ್ದ. ಎದುರಿದ್ದವರಿಗೆ ಅದೆಷ್ಟು ಸಮಾಧಾನ! ಈ ಮನುಷ್ಯ ನನ್ನ ಮಾತನ್ನೇ ಕೇಳುತ್ತಿದ್ದಾನೆ, ಬೇರೆ ಏನೂ ಇವನ ಮನಸ್ಸಿನಲ್ಲಿಲ್ಲ ಎಂದು ಅನ್ನಿಸುತ್ತಿತ್ತು. ಹನ್ನೆರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಕೆಲಸದ ಸಂದರ್ಶನಕ್ಕೆಂದು ಹೊರಟ. ‘ಸೆಕೆ, ಕೋಟು ಬೇಡ’ ಎಂದು ಬಿಟ್ಟು ಹೋದ. ವಾಪಸು ಬರಲಿಲ್ಲ. ಸಂದರ್ಶನ ನಡೆದ ಕಚೇರಿಯಲ್ಲಿ ವಿಚಾರಿಸಿದರೆ, ಅಂಥವರು ಬಂದೇ ಇಲ್ಲ ಎಂದರು. ಹೋಗಲಿ ಬಿಡಿ. ಈ ಸಭೆಯಲ್ಲಿ ಆ ವಿಷಯ ಯಾಕೆ?

ಯಾಕೆಂದರೆ, ಫಲಕ ತೆಗೆದುಕೊಂಡ ಮೇಲೆ ಅದು ಹೇಗೆ ಬಂತು ಎಂಬುದನ್ನೂ ಹೇಳಬೇಕಾಗುತ್ತದೆ. ಹೇಳಿಯೇಬಿಡುತ್ತೇನೆ.

ಅಮ್ಮನಿಗೆ ಈಚೆಗೆ ನೆನಪು ಕೈಕೊಡುತ್ತಿದೆ. ಆದರೆ ದೊಡ್ಡವನು ಬರಬೇಕು ಎಂಬುದೊಂದನ್ನು ಮರೆತಿಲ್ಲ. ಎರಡು ವರ್ಷದ ಹಿಂದೆ, ‘ಊರವರ ಫೋಟೋ ಎಲ್ಲಾ ಆ ಫೋನಲ್ಲಿ ಹಾಕ್ತೀಯಲ್ಲೋ, ನಿಮ್ಮಣ್ಣಂದು ಯಾಕೆ ಹಾಕಲ್ಲ?’ ಎಂದು ಕೇಳಿದಳು. ಹಳೆಯ ಫೋಟೋ ಹಾಕಿ ಏನು ಪ್ರಯೋಜನ? ಈಗ ಅವನು ಹೇಗಿರಬಹುದು? ಕಂಪ್ಯೂಟರಿನ ಮುಂದೆ ಮೂರು ದಿನ ಕೂತೆ. ಮುಖಕ್ಕೆ ಹತ್ತು ವರ್ಷ ಸೇರಿಸಿದೆ. ಅವನ ಹುಬ್ಬು, ತುಟಿಯಂಚು, ತಲೆಯ ವಾಲು, ಎಲ್ಲದರ ಅಳತೆಯನ್ನೂ ‘ಅಣ್ಣ’ ಎಂಬ ಹೆಸರಿನಲ್ಲಿ ಉಳಿಸಿಟ್ಟೆ. ಹಾಗೆ ಉಳಿಸಿಟ್ಟದ್ದನ್ನು ಒಂದು ಗುಂಡಿ ಒತ್ತಿ ಬೇರೆ ಫೋಟೋಗಳಿಗೂ ಬೆರೆಸಬಹುದು. ಚರ್ಮ ನುಣುಪು ಮಾಡಲು, ಕಣ್ಣು ಹೊಳೆಸಲು ನಾವು ಬಳಸುವುದೂ ಅದೇ ಉಪಾಯ. ಆಮೇಲೆ ‘ಕಾಣೆಯಾಗಿದ್ದಾರೆ, ಕಂಡವರು ದಯವಿಟ್ಟು ತಿಳಿಸಿ’ ಎಂದು ಬರೆದು ನನ್ನ ಪುಟದಲ್ಲಿ ಹಾಕಿದೆ. ಎಷ್ಟು ಲೈಕ್ ಬಂತು ಹೇಳಿ? ಏಳು. ಅದರಲ್ಲಿ ಒಂದು, ಕೂದಲೆಣ್ಣೆ ಮಾರುವವರದು. ನಿಮ್ಮ ಅತ್ಯುತ್ತಮ ಪ್ರಚಾರಕನ ಸ್ವಂತ ಅಣ್ಣನಿಗೆ ಏಳು ಲೈಕ್!

ಅದೇ ವಾರ ಸಂಘದ ಕೆಲಸ ಬಂತು. ಎಲ್ಲ ಸದಸ್ಯರಿಗೂ ಒಂದೇ ಬಗೆಯ ಪ್ರೊಫೈಲ್ ಫೋಟೋ ಆಗಬೇಕು, ನಾಲ್ಕೇ ದಿನ ಸಮಯ ಎಂದರು ಅಧ್ಯಕ್ಷರು. ಸಾಲಾಗಿ ಬಂದಿರಿ, ಕೋಟು ಹಾಕಿದಿರಿ, ಕೂತಿರಿ, ಎದ್ದಿರಿ. ಎಲ್ಲ ಮುಗಿದ ಮೇಲೆ ಮುನ್ನೂರ ಹನ್ನೆರಡು ಫೋಟೋಗಳನ್ನೂ ಒಟ್ಟಿಗೆ ಆರಿಸಿ ‘ನುಣುಪು’ ಎಂಬುದನ್ನು ಒತ್ತಬೇಕಿತ್ತು. ಪಟ್ಟಿಯಲ್ಲಿ ಅದರ ಮೇಲಿದ್ದದ್ದನ್ನು ಒತ್ತಿದೆ. ಕಣ್ಣು ಎಳೆಯುತ್ತಿತ್ತು, ನೋಡಲಿಲ್ಲ. ಎಲ್ಲರ ಪುಟಕ್ಕೂ ಏರಿಸಿ ಮನೆಗೆ ಹೋಗಿ ಮಲಗಿದೆ.

ಮರುದಿನ ಎಲ್ಲರ ಪುಟ ತೆರೆದು ನೋಡಿದೆ. ಔಷಧಿ ಅಂಗಡಿಯವರ ಮುಖದಲ್ಲಿ ಅಣ್ಣನ ಹುಬ್ಬು. ವಕೀಲರ ಬಾಯಲ್ಲಿ ಅಣ್ಣನ ನಗು. ಪಾರ್ಲರ್ ಮೇಡಂ ಅಣ್ಣನಂತೆ ತಲೆ ವಾಲಿಸಿ ನನ್ನನ್ನೇ ನೋಡುತ್ತಿದ್ದಾರೆ. ಈಗ ಒಬ್ಬೊಬ್ಬರಾಗಿ ಫೋನು ಮಾಡಿ ಉಗಿಯುತ್ತಾರೆ ಎಂದು ಕಾದೆ. ಯಾರೂ ಉಗಿಯಲಿಲ್ಲ. ನಿಮ್ಮದೇ ಮುಖವಲ್ಲವೇ ಸಭಿಕರೇ? ಒಬ್ಬರಿಗಾದರೂ ‘ಇದು ನಾನಲ್ಲ’ ಎಂದು ಅನ್ನಿಸಲಿಲ್ಲವೇ? ನಲ್ಲಿಯವರು ಫೋನು ಮಾಡಿ, ‘ಏನ್ ಮಾಡಿದ್ರೋ ಗೊತ್ತಿಲ್ಲ, ಈಗ ಹೋದ ಮನೆಯಲ್ಲೆಲ್ಲಾ ನಿಮ್ಮನ್ನ ಎಲ್ಲೋ ನೋಡಿದೀವಿ ಅಂತಾರೆ, ಕುಡಿಯೋಕೆ ನೀರು ಕೊಡ್ತಾರೆ’ ಎಂದರು. ತಿಂಗಳೊಳಗೆ ನಿಮ್ಮ ಫಾಲೋವರ್ಸ್ ಮೂರು ಪಟ್ಟಾದರು. ನೀವು ಫಲಕ ಕೊಟ್ಟಿರುವುದು ಆ ಒಂದು ತಪ್ಪು ಗುಂಡಿಗೆ.

ಸರಿಪಡಿಸಬಹುದಿತ್ತು. ಸರಿಪಡಿಸಲೆಂದೇ ಕೂತಿದ್ದೆ. ಅಷ್ಟರಲ್ಲಿ ಅಮ್ಮ ನನ್ನ ಫೋನು ಎತ್ತಿಕೊಂಡು ಬೆರಳಲ್ಲಿ ಮೇಲಕ್ಕೆ ಸರಿಸುತ್ತಾ, ‘ಇವನು ನಮ್ಮ ದೊಡ್ಡವನೇ ಅಲ್ವೇನೋ? ಔಷಧಿ ಅಂಗಡಿ ಇಟ್ಟಿದಾನಾ? ಒಳ್ಳೇದಾಯ್ತು’ ಎಂದಳು. ಇನ್ನೂ ಸರಿಸಿದಳು. ‘ಅಯ್ಯೋ, ಇಲ್ಲೂ ಅವನೇ. ಇವಳು ಅವನ ಮಗಳಿರಬೇಕು, ಹುಬ್ಬು ನೋಡು.’ ಹತ್ತು ವರ್ಷದಿಂದ ಅಮ್ಮ ನಕ್ಕಿರಲಿಲ್ಲ. ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ನಾನು ಕಂಪ್ಯೂಟರು ಆರಿಸಿ ಅಮ್ಮನ ಪಕ್ಕ ಕೂತೆ. ಅಂದಿನಿಂದ ನಿಮ್ಮಲ್ಲಿ ಯಾರು ಫೋಟೋ ಬದಲಿಸಿದಾಗಲೂ ಬೇಕೆಂದೇ ಅದೇ ಗುಂಡಿ ಒತ್ತಿದೆ. ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪು. ನನ್ನನ್ನು ಕ್ಷಮಿಸಿ. ಚಪ್ಪಾಳೆ ಬೇಡ, ದಯವಿಟ್ಟು ಬೇಡ. ಇದಕ್ಕೆ ಯಾರಾದರೂ ಚಪ್ಪಾಳೆ ತಟ್ಟುತ್ತಾರೆಯೇ?

ಇಷ್ಟೇ ಆಗಿದ್ದರೆ ನಾನು ಇದನ್ನು ಹೇಳುತ್ತಲೇ ಇರಲಿಲ್ಲ.

ಹಲ್ಲಿನ ಡಾಕ್ಟರ ಮನೆಯವರು ಒಂದು ದಿನ ಸ್ಟುಡಿಯೋಗೆ ಬಂದು, ‘ನಮ್ಮ ಯಜಮಾನ್ರು ಈಗ ಫೋಟೋದಲ್ಲಿ ಇರೋ ಹಾಗೇ ನಗ್ತಾರೆ ಕಣ್ರೀ, ಮನೇಲೂ’ ಎಂದರು. ತಮಾಷೆ ಎಂದುಕೊಂಡೆ. ಆಮೇಲೆ ವಕೀಲರು ಹೊಸ ಫೋಟೋಗೆಂದು ಬಂದರು. ಕೋಟು ಹಾಕಿ ಕ್ಲಿಪ್ಪಿಗೆ ಕೈ ಹಾಕಿದೆ, ಬೆನ್ನ ಹಿಂದೆ ಬಿಗಿಯಲು ಬಟ್ಟೆಯೇ ಉಳಿದಿರಲಿಲ್ಲ. ಫೋಟೋ ತೆಗೆದು, ಏನನ್ನೂ ಮುಟ್ಟದೆ, ಕ್ಯಾಮೆರಾದಲ್ಲೇ ನೋಡಿದೆ. ಎಡ ಹುಬ್ಬು ಒಂದೆಳೆ ಮೇಲಿತ್ತು. ಕಂಪ್ಯೂಟರಿಗೆ ಹಾಕಿ ‘ಅಣ್ಣ’ ಒತ್ತಿದೆ. ಫೋಟೋ ಬದಲಾಗಲೇ ಇಲ್ಲ. ಬದಲಾಗಲು ಏನೂ ಬಾಕಿ ಇರಲಿಲ್ಲ.

ಸಭಿಕರೇ, ಧ್ವನಿವರ್ಧಕ ಚೆನ್ನಾಗಿಯೇ ಕೇಳಿಸುತ್ತಿದೆ ತಾನೇ? ಕೊನೆಯ ಸಾಲಿನ ತನಕ? ಹಾಗಿದ್ದರೆ ನೀವೆಲ್ಲ ಯಾಕೆ ತಲೆಯನ್ನು ಬಲಕ್ಕೆ ವಾಲಿಸಿಕೊಂಡು ಕೂತಿದ್ದೀರಿ? ಇಲ್ಲಿಂದ ನನಗೆ ಕಾಣುತ್ತದೆ. ಫೋಟೋದಲ್ಲಿರುವಂತೆಯೇ ಬರಬೇಕೆಂದು ಸಂಘ ಹೇಳಿದ್ದಕ್ಕೆ ಎಲ್ಲರೂ ಕಪ್ಪು ಕೋಟು ತೊಟ್ಟು ಬಂದಿದ್ದೀರಿ. ಅಲುಗಾಡದೆ ಕೂತಿದ್ದೀರಿ. ಕೆಮ್ಮೂ ಇಲ್ಲ. ಇಷ್ಟು ಗಮನವಿಟ್ಟು ನನ್ನ ಮಾತನ್ನು ಕೇಳಿದವನು ಈ ಜಗತ್ತಿನಲ್ಲಿ ಒಬ್ಬನೇ ಇದ್ದ.

ಈಗ ನನ್ನ ಬೆನ್ನ ಹಿಂದಿನ ಬ್ಯಾನರ್ ನೋಡಿ. ಅದು ನನ್ನ ಫೋಟೋ. ನಾನೇ ತೆಗೆದುಕೊಂಡದ್ದು, ನಾನೇ ಕಾರ್ಯದರ್ಶಿಗಳಿಗೆ ಕಳಿಸಿದ್ದು. ಅದಕ್ಕೆ ನಾನು ಆ ಗುಂಡಿ ಒತ್ತಿಲ್ಲ. ಅಮ್ಮನ ಆಣೆಗೂ ಒತ್ತಿಲ್ಲ. ಇವತ್ತು ಬೆಳಿಗ್ಗೆ ಆಹ್ವಾನ ಪತ್ರಿಕೆಯನ್ನು ಅಮ್ಮನ ಕೈಗೆ ಕೊಟ್ಟೆ. ಫೋಟೋ ನೋಡಿದಳು, ನನ್ನ ಮುಖ ನೋಡಿದಳು. ಎರಡೂ ಕೈಯಲ್ಲಿ ನನ್ನ ಕೆನ್ನೆ ಹಿಡಿದು, ‘ಬಂದ್ಯಾ ದೊಡ್ಡವನೇ? ಎಷ್ಟು ವರ್ಷ ಕಾಯಿಸಿದೆಯೋ!’ ಎಂದು ಅತ್ತಳು. ಆಮೇಲೆ ನನ್ನ ಹೆಗಲ ಹಿಂದೆ ಇಣುಕಿ ಕೇಳಿದಳು: ‘ಚಿಕ್ಕವನೆಲ್ಲಿ? ಅವನನ್ನ ಎಲ್ಲಿ ಬಿಟ್ಟು ಬಂದೆ?’

ಆ ಚಿಕ್ಕವನು ಎಲ್ಲಿ ಹೋದ ಎಂದು ನನಗೂ ಗೊತ್ತಿಲ್ಲ. ಹೊರಡುವಾಗ ಈ ಕೋಟು ಹಾಕಿಕೊಂಡೆ. ಇಪ್ಪತ್ತು ವರ್ಷದಿಂದ ನನಗೆ ದೊಗಳೆಯಾಗಿದ್ದ ಕೋಟು. ಇವತ್ತು ಕ್ಲಿಪ್ಪು ಬೇಕಾಗಲಿಲ್ಲ.

ಒಂದು ಸುಳ್ಳು ಹೇಳಿದ್ದೇನೆ. ನಿಮಗೂ ಹೇಳಿದೆ, ಅಮ್ಮನಿಗೂ ಹನ್ನೆರಡು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಅಣ್ಣ ಸೆಕೆ ಎಂದು ಕೋಟು ಬಿಟ್ಟು ಹೋಗಲಿಲ್ಲ. ಕೋಟು ಕೇಳಲೆಂದೇ ಆ ಬೆಳಿಗ್ಗೆ ಸ್ಟುಡಿಯೋಗೆ ಬಂದಿದ್ದ. ‘ಒಂದೇ ಒಂದು ಗಂಟೆ ಕೊಡೋ. ಅಲ್ಲಿ ಎಲ್ಲಾರೂ ಕೋಟು ಹಾಕ್ಕೊಂಡು ಬರ್ತಾರಂತೆ, ನಾನೊಬ್ಬನೇ ಹೀಗೆ ಹೋಗೋಕೆ ನಾಚಿಕೆ ಆಗುತ್ತೆ’ ಎಂದ. ಕೋಟು ಸ್ಟುಡಿಯೋ ದಾಟಬಾರದು ಎಂಬುದು ಅಪ್ಪನ ಕಾಲದ ನಿಯಮ. ‘ಹನ್ನೊಂದಕ್ಕೆ ಗಿರಾಕಿ ಬರ್ತಾರೆ, ಆಗಲ್ಲ’ ಎಂದೆ. ಅವನಿಗೆ ಕೇಳಿಸಲಿಲ್ಲ. ತಲೆ ವಾಲಿಸಿ, ‘ಏನಂದೆ?’ ಎಂದ. ಎರಡನೆಯ ಸಲ ಜೋರಾಗಿ ಹೇಳಿದೆ. ‘ಸರಿ ಬಿಡು’ ಎಂದು, ಬಿಳಿ ಅರ್ಧ ತೋಳಿನ ಅಂಗಿಯಲ್ಲಿ, ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ. ಹನ್ನೊಂದಕ್ಕೆ ಯಾವ ಗಿರಾಕಿಯೂ ಬರಲಿಲ್ಲ.

ಈಗ ಈ ಸಭಾಂಗಣದ ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷವಿದೆ. ಮುನ್ನೂರ ಹನ್ನೆರಡು ಜನ ಕೋಟು ಹಾಕಿ ಕೂತಿದ್ದೀರಿ. ಬಾಗಿಲ ಬಳಿ ನಿಂತಿರುವ ಅವರೊಬ್ಬರೇ ಕೋಟಿಲ್ಲದೆ ಬಂದಿರುವುದು. ಬಿಳಿ ಅಂಗಿ, ಅರ್ಧ ತೋಳು. ಕಂಕುಳಲ್ಲಿ ಫೈಲಿದೆ. ನಾನು ಮಾತಿಗೆ ನಿಂತಾಗಿನಿಂದ ಅಲ್ಲೇ ಇದ್ದಾರೆ. ಒಳಗೆ ಬರಲು ನಾಚಿಕೆ ಇರಬೇಕು.

ಕಾರ್ಯದರ್ಶಿಗಳೇ, ಆ ಬಾಗಿಲು ಮುಚ್ಚಬೇಡಿ. ಈ ಫಲಕ ಸ್ವಲ್ಪ ಹಿಡಿದುಕೊಳ್ಳಿ, ನಾನು ಈ ಕೋಟಿನ ತೋಳು ಬಿಡಿಸಿಕೊಳ್ಳಬೇಕು. ಅಧ್ಯಕ್ಷರಿಗೆ, ಅತಿಥಿಗಳಿಗೆ, ನಿಮ್ಮ ಮುಖಗಳನ್ನು ನನ್ನ ಕೈಗೆ ಕೊಟ್ಟು ನಂಬಿದ ನಿಮ್ಮೆಲ್ಲರಿಗೂ ನನ್ನ ಕೃತಜ್ಞತೆಗಳು.

ಅಣ್ಣಾ, ಕೇಳಿಸ್ತಾ ಇದೆಯಾ? ಜೋರಾಗೇ ಹೇಳ್ತೀನಿ. ಕೋಟು ತಗೊಂಡು ಹೋಗು. ನನಗೆ ಯಾವ ಗಿರಾಕಿಯೂ ಇಲ್ಲ.

ನಮಸ್ಕಾರ.