ಪಾಪ ಅಂದಿದ್ದಕ್ಕೆ

ಲಿನ್‌ವುಡ್ ಸ್ಟೇಷನ್ನಿನ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕನ್ನಡ ಮಾತಾಡುತ್ತಿದ್ದರು. ಒಬ್ಬಳ ಕೊರಳಲ್ಲಿ ಕ್ಲಿನಿಕ್ಕಿನ ಬ್ಯಾಡ್ಜು: ಹಿಲ್ಡಾ, ಡಯಟೀಶಿಯನ್.

“ಯಾಕೆ ಹಿಲ್ಡಾ, ಇಷ್ಟು ಸುಸ್ತು?”

“ಪೆರು ದೇಶದ ಪೇಶೆಂಟ್ ಒಬ್ಳು, ಶುಗರ್ ಇದೆ. ಎರಡು ಕಡೆ ಕೆಲಸ, ನಿಂತ್ಕೊಂಡೇ ಊಟ. ಹೋದ ತಿಂಗಳು ಅದನ್ನ ಕೇಳಿ ‘ಪಾಪ’ ಅಂದ್ಬಿಟ್ಟೆ.”

“ಅದಕ್ಕೇನೀಗ?”

“ಅವಳ ಸ್ಪ್ಯಾನಿಷ್‌ನಲ್ಲಿ ಪಾಪ ಅಂದ್ರೆ ಆಲೂಗಡ್ಡೆ. ತಿನ್ಬಾರ್ದು ಅಂದ್ಕೊಂಡು ಒಂದು ತಿಂಗಳಿಂದ ಮುಟ್ಟೇ ಇಲ್ಲ. ಅವರಿಗದು ನಮ್ಮ ಅನ್ನ ಇದ್ದ ಹಾಗೆ ಕಣೇ.”

“ಇವತ್ತು ಹೇಳಿದ್ಯಾ?”

“ಹೇಳ್ದೆ, ಸಾರಿ ಕೇಳ್ದೆ. ಬೈತಾಳೆ ಅಂದ್ಕೊಂಡಿದ್ದೆ. ನನ್ನ ಮುಖ ನೋಡಿ, ಕೆನ್ನೆ ಸವರಿ, ‘ಪೊಬ್ರೆಸಿತಾ’ ಅಂದ್ಲು.”

“ಹಾಗಂದ್ರೆ?”

“ಪಾಪ ಅಂತ.”

ರೈಲು ಬಂತು. ಹಿಲ್ಡಾ ಮೊಣಕಾಲು ಹಿಡಿದುಕೊಂಡು ಎದ್ದಳು.